ಟೈಪಿಂಗ್ ಅಂಗಡಿಯಲ್ಲಿ ಡೆಬಿಯನ್: ಎಲ್ಲ ಸಲೀಸು, ಹಳೇ ನುಡಿ ಫೈಲ್ ಬಿಟ್ಟು

ಚಿಂತಾಮಣಿಯಲ್ಲಿ ನಮ್ಮದು ಜೆರಾಕ್ಸ್, ಟೈಪಿಂಗ್ ಅಂಗಡಿ. ಡೆಬಿಯನ್ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳೋ, ಪುಕ್ಕಟೆ ಸಿಗೋ ಒಂದು ಲಿನಕ್ಸ್. 2023ರಲ್ಲಿ ಡೆಬಿಯನ್ 12 ಬಂದಾಗ ಅಂಗಡಿಯ ಹಳೇ ಐ3 ಕಂಪ್ಯೂಟರಿಗೆ ಹಾಕಿದೆ. ದುಡ್ಡು ಹೋಗಿದ್ದು ಒಂದು ಎಸ್‌ಎಸ್‌ಡಿಗೆ ಮಾತ್ರ. ಇನ್‌ಸ್ಟಾಲ್ ಮಾಡೋದು ಹೇಗೆ ಅಂತ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ, ಅದು ಬೇಡ.

ನನಗೆ ಹಿಡಿಸಿದ್ದು ಕೀಬೋರ್ಡ್. ಬೇರೆ ಬೇರೆ ಭಾಷೆ ಟೈಪ್ ಮಾಡಿಸೋ ಐಬಸ್ ಅನ್ನೋ ಸಾಧನದಲ್ಲಿ ಕಗಪ ಕೀಲಿಮಣೆ ಇದೆ. ವಿಂಡೋಸಿನ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಇರೋದೂ ಇದೇ ಅಕ್ಷರ ಜೋಡಣೆ. ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯೋದೇನಿಲ್ಲ, ಒತ್ತಕ್ಷರಕ್ಕೆ ಅದೇ ಎಫ್ ಕೀ. ಮದನಪಲ್ಲಿ ಕಡೆ ಸಂಬಂಧ ಆದರೆ ಲಗ್ನಪತ್ರಿಕೆ ತೆಲುಗಿನಲ್ಲೂ ಬೇಕಲ್ವಾ? ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ತೆಲುಗು, ಇನ್ನೊಮ್ಮೆ ಒತ್ತಿದರೆ ಕನ್ನಡ.

ತಾನಾಗಿ ರೀಸ್ಟಾರ್ಟ್ ಆಗಿ ಗಿರಾಕಿ ಮುಂದೆ ಮಾನ ಕಳೆಯೋದಿಲ್ಲ. ರಾತ್ರಿ ಷಟರ್ ಎಳೆಯೋ ಮುಂಚೆ ಅಪ್‌ಡೇಟ್ ಕಮಾಂಡ್ ಕೊಡುತ್ತೇನೆ. ಗಲ್ಲಾ ಲೆಕ್ಕ ಮುಗಿಯೋ ಹೊತ್ತಿಗೆ ಅದೂ ಮುಗಿದಿರುತ್ತದೆ. 2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂತು, ಆಗ ಮುಟ್ಟಲಿಲ್ಲ. ಪಿತೃಪಕ್ಷದಲ್ಲಿ ಮದುವೆ ಕೆಲಸ ಇರಲ್ಲ, ಆಗ ಏರಿಸಿದೆ.

ಇನ್ನು ತಲೆನೋವು. ಗಿರಾಕಿ ಪೆನ್‌ಡ್ರೈವಿನಲ್ಲಿ ಹಳೇ ಕರಾರು ಪತ್ರ ತಂದು "ಎರಡು ಸಾಲು ತಿದ್ದಿಕೊಡಿ" ಅಂತಾರೆ. ತೆರೆದರೆ ಟೊಪ್ಪಿಗೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. "ಏನ್ ಸಾರ್, ನಿಮ್ ಕಂಪ್ಯೂಟರಿಗೆ ಕನ್ನಡ ಬರಲ್ವಾ?" ಆ ಫೈಲು, ಈಗ ಎಲ್ಲ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗೇ ಕಾಣೋ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಹಳೇ ನುಡಿ ಫಾಂಟ್. ಫಾಂಟ್ ಫೈಲ್ ಹಾಕಿಕೊಂಡರೆ ಲಿಬ್ರೆ ಆಫೀಸಿನಲ್ಲಿ (ವರ್ಡ್ ಥರದ್ದೇ) ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದೋಕೆ ಮಾತ್ರ ವಿಂಡೋಸಿನ ನುಡಿಯೇ ಬೇಕು. ಯೂನಿಕೋಡಿಗೆ ತಿರುಗಿಸೋ ಸಾಧನಗಳಿವೆ, ಸುಮ್ನೆ ಅಲ್ಲ, ಕೆಲಸ ಮಾಡುತ್ತವೆ. ಆದರೆ ಎಷ್ಟೋ ಸಲ ಟೇಬಲ್, ದಪ್ಪ ಅಕ್ಷರ ಎಲ್ಲ ಹೋಗುತ್ತೆ. ನಡುವೆ ಇದ್ದ ಇಂಗ್ಲಿಷ್ ಹೆಸರುಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಕೂತು ಮತ್ತೆ ಸರಿಮಾಡಬೇಕು. ಇದು ಡೆಬಿಯನ್ ತಪ್ಪಲ್ಲ, ಗೊತ್ತು. ಎದುರಿಗೆ ನಿಂತ ಗಿರಾಕಿಗೆ ಅದನ್ನು ಹೇಳಿ ಏನು ಪ್ರಯೋಜನ?

ಹಾಗಾಗಿ ಮೂಲೆಯಲ್ಲಿ ಒಂದು ಹಳೇ ವಿಂಡೋಸ್ ಕಂಪ್ಯೂಟರ್ ಇನ್ನೂ ಇದೆ, ನೆಟ್ ಕೊಟ್ಟಿಲ್ಲ. ಹೊಸದಾಗಿ ಟೈಪ್ ಮಾಡೋದೆಲ್ಲ ಯೂನಿಕೋಡಿನಲ್ಲೇ.

ಮನೆಗಾದರೆ ಧೈರ್ಯವಾಗಿ ಹಾಕಿಕೊಳ್ಳಿ. ಅಂಗಡಿಯವರು ಮೊದಲು ನಿಮ್ಮಲ್ಲಿ ಹಳೇ ನುಡಿ ಫೈಲುಗಳು ಎಷ್ಟಿವೆ ನೋಡಿ. ಇನ್ನು ಡಿಸೈನ್ ಮಾಡೋ ಕೋರಲ್ ಡ್ರಾದಲ್ಲೇ ಹೊಟ್ಟೆ ಹೊರೆಯುವವರಿಗೆ ಅದರ ಬದಲು ಲಿನಕ್ಸಿನಲ್ಲಿ ಸಿಗೋ ಇಂಕ್‌ಸ್ಕೇಪ್ ಸಾಕು ಅಂತ ನಾನಂತೂ ಹೇಳಲ್ಲ.