ದೊಡ್ಡ ಜಡ್ಡಿನವರಿಗೆ ಫೋನಿನಲ್ಲೇ ಮನೋಸಲಹೆ: 14416, ವಿಡಿಯೋ ಕೌನ್ಸೆಲಿಂಗ್, ಆ್ಯಪ್ ಯಾವುದು ಎಷ್ಟರ ಮಟ್ಟಿಗೆ?

ಕಿಮೋಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಡಯಾಲಿಸಿಸ್‌ಗೆ ಗದಗ ಅಥವಾ ಹಾವೇರಿಯ ಜಿಲ್ಲಾ ಆಸ್ಪತ್ರೆ, ಎದೆನೋವಿಗೆ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಇಲ್ಲವೇ ಧಾರವಾಡದ ಸತ್ತೂರಿನ ಆಸ್ಪತ್ರೆ. ದೇಹದ ಮಟ್ಟಿಗೆ ದಾರಿ ಎಲ್ಲರಿಗೂ ಗೊತ್ತು. ಅದೇ ರೋಗಿ "ರಾತ್ರಿ ನಿದ್ದಿ ಹತ್ತಂಗಿಲ್ರಿ, ಎದಿ ಧಸಕ್ ಅಂತೈತಿ" ಅಂದರೆ ಹೆಚ್ಚಿನ ಕಡೆ ಸಿಗುವುದು "ಧೈರ್ಯ ತಗೋರಿ" ಎಂಬ ಮಾತು, ಜೊತೆಗೊಂದು ನಿದ್ದೆ ಗುಳಿಗೆ. ವಾರಕ್ಕೊಮ್ಮೆ ಮನಃಶಾಸ್ತ್ರಜ್ಞರನ್ನು ಕಾಣಲು ಹಿರೇಕೆರೂರು ಅಥವಾ ರೋಣದಿಂದ ಧಾರವಾಡಕ್ಕೆ ಹೋಗಿಬರುವುದೆಂದರೆ ಒಂದು ಇಡೀ ದಿನ. ಕಿಮೋದಿಂದ ಬಿಳಿ ರಕ್ತಕಣ ಇಳಿದವರಿಗೆ ಕಿಕ್ಕಿರಿದ ಬಸ್ಸೇ ಸೋಂಕಿನ ಜಾಗ. ಹಾಗಾಗಿ ಫೋನಿನಲ್ಲಿ ಸಿಗುವ ಸೇವೆ ಇಂಥವರಿಗೆ ಅನುಕೂಲದ ಮಾತಲ್ಲ, ಎಷ್ಟೋ ಸಲ ಇರುವುದೇ ಅದೊಂದು. ಈಗ ಸಿಗುವ ಮೂರು ಬಗೆಯನ್ನು ಇಲ್ಲಿ ತೂಗಿದ್ದೇವೆ. ತಕ್ಕಡಿ ಒಂದೇ: ಎದುರಿನವರಿಗೆ ನಿಮ್ಮ ಜಡ್ಡಿನ ಬಗ್ಗೆ ಎಷ್ಟು ಗೊತ್ತು?

ಮೊದಲು ಸರಕಾರದ್ದು. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ನಂಬರ್ 14416, ಅದು ಹತ್ತದಿದ್ದರೆ 1800-891-4416. ದುಡ್ಡಿಲ್ಲ, 24 ತಾಸೂ ತೆರೆದಿರುತ್ತದೆ, ಭಾಷೆ ಆರಿಸುವಾಗ ಕನ್ನಡ ಇದೆ, ಸ್ಮಾರ್ಟ್‌ಫೋನ್ ಬೇಕಿಲ್ಲ. ಮೊದಲು ಮಾತಾಡುವವರು ತರಬೇತಾದ ಕೌನ್ಸೆಲರ್. ಅವರಿಗೆ ಮೀರಿದ್ದಾದರೆ ಮನೋವೈದ್ಯರಿಗೋ ಹತ್ತಿರದ ಆಸ್ಪತ್ರೆಗೋ ದಾಟಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಆ್ಯಪ್ ಬಂತು. ವಿಡಿಯೋ ಸಮಾಲೋಚನೆಯನ್ನು ಮೊದಲು ಪ್ರಯೋಗಕ್ಕಿಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ರಾತ್ರಿ ಎರಡಕ್ಕೆ ಎಚ್ಚರವಾಗಿ ನಾಳಿನ ಸ್ಕ್ಯಾನ್ ನೆನೆದು ಕೈಕಾಲು ತಣ್ಣಗಾದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಆದರೆ ಇದು ಸಹಾಯವಾಣಿ. ಒಬ್ಬರೇ ತಜ್ಞರ ಹತ್ತಿರ ವಾರವಾರ ಎಂಟು ಸಲ ಕೂತು ಮಾಡುವ ಚಿಕಿತ್ಸೆಯ ಲೆಕ್ಕದಲ್ಲಿ ಇದನ್ನು ಕಟ್ಟಿಲ್ಲ. ಆ ನಿರೀಕ್ಷೆ ಇಟ್ಟುಕೊಂಡು ಕರೆ ಮಾಡಿ ಬೇಸರಪಟ್ಟುಕೊಳ್ಳುವುದು ಬೇಡ. ಕರೆ ಮಾಡಿದ ಕೂಡಲೇ ನಾಲ್ಕು ಸಂಗತಿ ಹೇಳಿದರೆ ಮಾತು ಬೇಗ ದಾರಿಗೆ ಬರುತ್ತದೆ: ಜಡ್ಡಿನ ಹೆಸರು, ಚಿಕಿತ್ಸೆ ಯಾವ ಹಂತದಲ್ಲಿದೆ, ಯಾವ ಗುಳಿಗೆ ನಡೆದಿವೆ, ಇವತ್ತು ಕರೆ ಮಾಡಿದ್ದು ಯಾಕೆ. ಮೂರನೆಯದನ್ನು ಜನ ಮರೆಯುತ್ತಾರೆ. ಗುಳಿಗೆ ಚೀಟಿ ಕೈಯಲ್ಲಿ ಹಿಡಿದೇ ಕರೆ ಮಾಡಿ.

ಖಾಸಗಿ ವಿಡಿಯೋ ಕೌನ್ಸೆಲಿಂಗ್ ಎರಡನೆಯದು. ಒಂದು ಭೇಟಿ 45ರಿಂದ 50 ನಿಮಿಷ. ದರ ಸಾಮಾನ್ಯವಾಗಿ 500 ರೂಪಾಯಿಯಿಂದ 2000ದವರೆಗೆ, ಕೆಲವರು ಇನ್ನೂ ಮೇಲೆ. ಇಲ್ಲಿ ಮೊದಲ ಗೋಜಲು ಪದವಿಯದ್ದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ಸಿಆರ್‌ಆರ್ ಎಂಬ ಆ ನಂಬರನ್ನು ಕೇಳಿ ಪಡೆದು, ಪರಿಷತ್ತಿನ ಜಾಲತಾಣದಲ್ಲಿ ಹೆಸರು ಹಾಕಿ ನೋಡಿ. ಐದು ನಿಮಿಷದ ಕೆಲಸ. ಬರೀ ಎಂಎಸ್ಸಿ ಸೈಕಾಲಜಿ ಓದಿದ ಕೌನ್ಸೆಲರ್ ನಿಷ್ಪ್ರಯೋಜಕ ಅಂತಲ್ಲ. ದುಃಖ ಹೇಳಿಕೊಳ್ಳಲು, ಮನೆಯವರ ಜೊತೆ ಮಾತು ಸರಿಮಾಡಲು ಕೆಲವರು ಬಹಳ ಚೆನ್ನಾಗಿದ್ದಾರೆ. ಆದರೆ ತೀವ್ರ ಖಿನ್ನತೆ, ಪ್ಯಾನಿಕ್ (ಒಮ್ಮೆಲೇ ಉಕ್ಕುವ ಭಯ), ಪಾರ್ಶ್ವವಾಯು ಆದ ಮೇಲಿನ ನೆನಪಿನ ಪರೀಕ್ಷೆ ಇವಕ್ಕೆ ನೋಂದಣಿ ಇದ್ದವರೇ ಬೇಕು. "ವೆಲ್‌ನೆಸ್ ಕೋಚ್", "ಹೀಲರ್" ಎಂಬ ಫಲಕಗಳಿಗೆ ಹಿಂದೆ ಏನೂ ಇರಬೇಕಿಲ್ಲ.

ಎರಡನೆಯ ಗೋಜಲು ಪ್ಯಾಕೇಜಿನದ್ದು. 12 ಭೇಟಿಗೆ ಒಮ್ಮೆಲೇ ದುಡ್ಡು ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ. ಕಟ್ಟಬೇಡಿ. ಕಿಮೋದ ಮರುದಿನ ವಾಂತಿ, ಡಯಾಲಿಸಿಸ್ ದಿನ ತಲೆ ಎತ್ತಲಾಗದ ಸುಸ್ತು, ನಡುವೆ ಆಸ್ಪತ್ರೆಗೆ ಸೇರುವುದು: ಇಂಥವರ ಭೇಟಿ ತಪ್ಪುವುದು ಮೊದಲೇ ಗೊತ್ತಿರುವ ಮಾತು. 24 ತಾಸಿನೊಳಗೆ ರದ್ದು ಮಾಡಿದರೆ ದುಡ್ಡು ಹೋಯಿತು ಎಂಬ ನಿಯಮ ಗಟ್ಟಿಮುಟ್ಟಾದವರಿಗೆ ಸರಿ, ಇವರಿಗಲ್ಲ. ಮೊದಲ ಭೇಟಿಗೂ ಮುಂಚೆ ಈ ವಿನಾಯಿತಿಯನ್ನು ಬರಹದಲ್ಲಿ ಕೇಳಿ. ಕೊಡದಿದ್ದರೆ ಬೇರೆಯವರನ್ನು ನೋಡಿ. ಒಂದೊಂದಾಗಿಯೇ ದುಡ್ಡು ಕಟ್ಟುವುದು ಮೇಲು.

ಇನ್ನು ತಕ್ಕಡಿಯ ಮಾತಿಗೆ ಬರೋಣ. ಇಲ್ಲಿಯೇ ಹೆಚ್ಚಿನ ಸೇವೆಗಳು ಎಡವುವುದು.

ಸೇರಿದ ಕೂಡಲೇ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ತುಂಬಿಸುತ್ತಾರೆ. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಹತ್ತು ಮುಟ್ಟಿದರೆ ಮಧ್ಯಮ ಖಿನ್ನತೆಯ ಸಾಲಿಗೆ ಹಾಕುತ್ತಾರೆ. ಈಗ ನೋಡಿ: ನಿದ್ದೆ, ಸುಸ್ತು, ಹಸಿವು ಈ ಮೂರೇ ಪ್ರಶ್ನೆಗೆ ಕಿಮೋ ನಡೆದವರು ಮನಸ್ಸು ಗಟ್ಟಿ ಇದ್ದರೂ 9 ಅಂಕ ಗಳಿಸಬಲ್ಲರು. ಇನ್ನೊಂದು ಅಂಕ ಬಿದ್ದರೆ ಖಿನ್ನತೆ ಎಂಬ ಚೀಟಿ. ಇದು ಉಲ್ಟಾ ಆಗುವುದೂ ಉಂಟು: ನಿಜವಾದ ಖಿನ್ನತೆಯನ್ನು "ಎಲ್ಲ ಔಷಧದ ಪರಿಣಾಮ" ಎಂದು ತಳ್ಳಿಹಾಕುವುದು. ಜಡ್ಡು ತಿಳಿದವರು ಒಟ್ಟು ಅಂಕ ನೋಡಿ ಸುಮ್ಮನಾಗದೆ, ಯಾವ ಪ್ರಶ್ನೆಗೆ ಎಷ್ಟು ಬಿತ್ತು ಎಂದು ಬಿಡಿಸಿ ನೋಡುತ್ತಾರೆ. ಆಸಕ್ತಿ ಬತ್ತಿದ್ದು, ತಾನು ಮನೆಯವರಿಗೆ ಭಾರ ಎಂಬ ಭಾವ, ಬದುಕು ಬೇಡವೆನ್ನಿಸಿದ್ದು, ಇವು ಔಷಧದಿಂದ ಬಂದವೆಂದು ಸುಲಭಕ್ಕೆ ಹೇಳಲಾಗದು. ಇಲ್ಲವೇ ಎಚ್‌ಎಡಿಎಸ್ ಎಂಬ ಇನ್ನೊಂದು ಪ್ರಶ್ನಾವಳಿ ಬಳಸುತ್ತಾರೆ. ಅದರ 14 ಪ್ರಶ್ನೆಗಳನ್ನು ಆಸ್ಪತ್ರೆಯ ರೋಗಿಗಳಿಗೆಂದೇ, ದೇಹದ ಲಕ್ಷಣಗಳನ್ನು ಆದಷ್ಟು ಬಿಟ್ಟು, 1983ರಲ್ಲಿ ರೂಪಿಸಿದ್ದು. "ಯಾವ ಸ್ಕೇಲ್ ಬಳಸ್ತೀರಿ?" ಎಂದು ಕೇಳಿ ನೋಡಿ. ಉತ್ತರಕ್ಕಿಂತ, ಆ ಪ್ರಶ್ನೆ ಅವರಿಗೆ ಅರ್ಥವಾಯಿತೇ ಎಂಬುದರಲ್ಲಿ ತಿಳಿಯುತ್ತದೆ.

ಸಾಮಾನ್ಯ ಕೌನ್ಸೆಲಿಂಗ್‌ನಲ್ಲಿ "ನಿಮ್ಮ ಭಯಕ್ಕೆ ಆಧಾರ ಏನು?" ಎಂದು ಕೆದಕುವುದು ಹಳೆಯ ತಂತ್ರ. ಕ್ಯಾನ್ಸರ್ ಮರಳಿ ಬಂದೀತೆಂಬ ಭಯಕ್ಕೆ ಆಧಾರ ಇದ್ದೇ ಇದೆ, ಫೈಲಿನಲ್ಲಿ ಬರೆದೇ ಇದೆ. ಅಲ್ಲಿ ವಾದ ಮಾಡಿದರೆ ರೋಗಿ ಮುಂದಿನ ಭೇಟಿಗೆ ಬರುವುದಿಲ್ಲ. ಬಲ್ಲವರು ಬೇರೆ ದಾರಿ ಹಿಡಿಯುತ್ತಾರೆ. ಚಿಂತೆಯನ್ನು ಎರಡು ಪಾಲು ಮಾಡಿಸುತ್ತಾರೆ. ಏನಾದರೂ ಮಾಡಬಹುದಾದದ್ದು, ಉದಾಹರಣೆಗೆ ಗಂಟು ಕೈಗೆ ಹತ್ತಿದಂತಿದೆ, ಡಾಕ್ಟರಿಗೆ ತೋರಿಸಬೇಕು: ಅದಕ್ಕೆ ತಾರೀಖು ಹಾಕಿಸುತ್ತಾರೆ. ಏನೂ ಮಾಡಲಾಗದ್ದಕ್ಕೆ ದಿನಕ್ಕೆ 15 ನಿಮಿಷ ಗೊತ್ತುಮಾಡಿ, ಉಳಿದ ಹೊತ್ತಿನಲ್ಲಿ ಬಂದರೆ "ಸಂಜೆ ಐದಕ್ಕೆ ನೋಡೋಣ" ಎಂದು ಮುಂದೂಡುವ ರೂಢಿ ಮಾಡಿಸುತ್ತಾರೆ. ಕೇಳಲು ಮಕ್ಕಳಾಟದಂತಿದೆ, ಆದರೆ ರೂಢಿಯಾಗಲು ಎರಡು ವಾರ ಹಿಡಿಯುತ್ತದೆ.

ಸುಸ್ತಿಗೂ ಹಾಗೆಯೇ. "ಮನಸ್ಸು ಮಾಡಿ ಏಳಿ, ಚಟುವಟಿಕೆಯಿಂದಿರಿ" ಎಂಬ ಸಲಹೆಯಿಂದ ಚಲೋ ಅನಿಸಿದ ದಿನ ಇಪ್ಪತ್ತು ರೊಟ್ಟಿ ಬಡಿದು, ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು ಮಾಮೂಲು. ಬೇಕಾದದ್ದು ಹದ: ಐದು ರೊಟ್ಟಿ, ಹದಿನೈದು ನಿಮಿಷ ಕೂರುವುದು, ಸುಸ್ತಾಗುವ ಮುಂಚೆಯೇ ನಿಲ್ಲಿಸುವುದು, ಒಂದು ವಾರ ಅದೇ ಅಳತೆ ನಡೆದರೆ ಮಾತ್ರ ಆರನೆಯ ರೊಟ್ಟಿ. ಕೌನ್ಸೆಲರ್ ದಿನಚರಿ ಬರೆಸದೆ ಬರೀ ಹುರಿದುಂಬಿಸುತ್ತಿದ್ದರೆ ಈ ಕಲೆ ಅವರಿಗೆ ತಿಳಿದಿಲ್ಲ.

ಉಸಿರಾಟ, ಸ್ನಾಯು ಸಡಿಲಿಸುವ ಅಭ್ಯಾಸಗಳಲ್ಲೂ ತಿದ್ದುಪಡಿ ಬೇಕು. ಸಿಒಪಿಡಿ ಎಂಬ ಶ್ವಾಸಕೋಶದ ಜಡ್ಡು ಇದ್ದವರಿಗೆ ಉಸಿರು ಕಟ್ಟಿ ಹಿಡಿಸಬಾರದು. ಮೂಗಿನಿಂದ ಎರಡು ಎಣಿಸುವಷ್ಟು ಒಳಗೆ, ಸಿಳ್ಳೆ ಹಾಕುವಂತೆ ತುಟಿ ಮಾಡಿ ನಾಲ್ಕು ಎಣಿಸುವಷ್ಟು ಹೊರಗೆ. ಸ್ನಾಯುಗಳನ್ನು ಬಿಗಿ ಮಾಡಿ ಬಿಡುವ ಅಭ್ಯಾಸದಲ್ಲಿ ಆಪರೇಷನ್ ಆದ ಜಾಗ, ಮೂಳೆಗೆ ಕ್ಯಾನ್ಸರ್ ಹರಡಿದ ಜಾಗ, ಡಯಾಲಿಸಿಸ್ ಸೂಜಿ ಇರುವ ಕೈ ಇವನ್ನು ಬಿಡಬೇಕು. ಹೃದಯದ ರೋಗಿಗೆ ಬೆವರಿನೊಡನೆ ಹೊಸದಾಗಿ ಎದೆನೋವು ಬಂದರೆ ಅದು ಪ್ಯಾನಿಕ್ಕೇ ಎಂದು ಫೋನಿನಲ್ಲಿ ತೀರ್ಮಾನಿಸುವ ಅಧಿಕಾರ ಯಾವ ಕೌನ್ಸೆಲರಿಗೂ ಇಲ್ಲ. ಮೊದಲು 108, ಇಸಿಜಿ. ಉಸಿರಾಟದ ಪಾಠ ಆಮೇಲೆ.

ಗುಳಿಗೆಗಳ ಕಡೆಗೂ ಗಮನವಿರಲಿ. ಕಿಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಎರಡು ಮೂರು ದಿನ ನಿದ್ದೆ ಕೆಡಿಸಿ ಚಡಪಡಿಸುವಂತೆ ಮಾಡಬಹುದು. ನಿಲ್ಲಿಸಿದ ಮೇಲೆ ಮನಸ್ಸು ಕುಸಿದಂತಾಗುವುದೂ ಇದೆ. ಕಿಮೋ ತಾರೀಖು ಕೇಳದೆ ಇದನ್ನು ಹೊಸ ಕಾಯಿಲೆ ಎಂದುಕೊಂಡರೆ ಕತೆ ದಾರಿ ತಪ್ಪುತ್ತದೆ. ಒಂದೇ ಹಾಳೆಯಲ್ಲಿ ಚಿಕಿತ್ಸೆಯ ದಿನ ಮತ್ತು ಮನಸ್ಸಿನ ಸ್ಥಿತಿಗೆ ಹತ್ತರಲ್ಲಿ ಎಷ್ಟೆಂದು ಬರೆದಿಡಿ, ಮೂರು ವಾರದಲ್ಲಿ ಚಿತ್ರ ತಾನೇ ಮೂಡುತ್ತದೆ. ಮನಃಶಾಸ್ತ್ರಜ್ಞರು ಗುಳಿಗೆ ಬರೆಯುವಂತಿಲ್ಲ, ಬರೆಯಬೇಕಾದವರು ಮನೋವೈದ್ಯರು. 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿ ಆನ್‌ಲೈನ್ ಚೀಟಿಗೆ ಅವಕಾಶ ಕೊಟ್ಟಿದೆ, ಕೆಲವು ಔಷಧಗಳನ್ನು ಹೊರಗಿಟ್ಟಿದೆ. ಚೀಟಿ ಬರೆಸಿಕೊಳ್ಳುವಾಗ ನಡೆದಿರುವ ಗುಳಿಗೆಗಳ ಫೋಟೋ ಕಳಿಸಲೇಬೇಕು. ಸ್ತನ ಕ್ಯಾನ್ಸರಿಗೆ ಟಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಎಂಬ ಖಿನ್ನತೆಯ ಗುಳಿಗೆಗಳು ಹೊಂದುವುದಿಲ್ಲ. ಟಾಮಾಕ್ಸಿಫೆನ್ ದೇಹದಲ್ಲಿ ಕೆಲಸ ಮಾಡುವ ರೂಪಕ್ಕೆ ಬದಲಾಗುವುದನ್ನೇ ಇವು ತಡೆಯುತ್ತವೆ. ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ನುಂಗುವವರಿಗೆ ಇವೇ ಸೇರುವ ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆಯ ಗುಳಿಗೆ ಜೊತೆಯಾದರೆ ರಕ್ತಸ್ರಾವದ ಅಪಾಯ ಏರುತ್ತದೆ. ಹಾಗೆಂದು ನೀವೇ ಯಾವುದನ್ನೂ ನಿಲ್ಲಿಸಬೇಡಿ, ಬರೆದವರನ್ನು ಕೇಳಿ.

ಭಾಷೆಯ ಮಾತು ಸಣ್ಣದಲ್ಲ. ಕನ್ನಡ ಇದೆ ಎಂದು ಜಾಹೀರಾತಿನಲ್ಲಿರುತ್ತದೆ, ತೆರೆದರೆ ಅರ್ಧ ಇಂಗ್ಲಿಷ್. ನಮ್ಮ ಕಡೆಯ "ಜೀವಕ್ಕ ಬ್ಯಾಸರ" ಎಂಬುದು ಬರೀ ಬೋರ್ ಆಗಿದೆ ಎಂಬ ಮಾತಲ್ಲ. ಹೇಳುವ ದನಿ ನೋಡಿ ಅದು ಬದುಕೇ ಸಾಕೆಂಬ ಮಾತೂ ಆಗಬಹುದು. "ಸಂಕಟ ಆಗಾಕತ್ತೈತಿ" ಅಂದರೆ ಹೊಟ್ಟೆಯದೋ ಎದೆಯದೋ ಮನಸ್ಸಿನದೋ ಎಂದು ತಿರುಗಿ ಕೇಳುವವರು ಬೇಕು. ಬುಕ್ ಮಾಡುವ ಮುಂಚೆ ಹತ್ತು ನಿಮಿಷದ ಪುಕ್ಕಟೆ ಪರಿಚಯದ ಕರೆ ಸಿಗುವ ಕಡೆ, ರೋಗಿಯೇ ತನ್ನ ಮಾತಿನಲ್ಲಿ ಮಾತಾಡಲಿ, ಮಗನೋ ಸೊಸೆಯೋ ಅಲ್ಲ.

ಮನೆಯವರ ವಿಷಯ ಬಂತು. "ಅವ್ರಿಗೆ ಕ್ಯಾನ್ಸರ್ ಅಂತ ಹೇಳಿಲ್ರಿ, ಗಡ್ಡಿ ಅಂತ ಹೇಳೀವಿ" ಎಂಬುದು ನಮ್ಮಲ್ಲಿ ಸಾಮಾನ್ಯ. ವಿಡಿಯೋದಲ್ಲಿ ಕ್ಯಾಮೆರಾ ಆಚೆ ಯಾರು ಕೂತಿದ್ದಾರೆಂದು ಕಾಣುವುದಿಲ್ಲ. ಒಳ್ಳೆಯ ಕೌನ್ಸೆಲರ್ ಪ್ರತಿ ಭೇಟಿಯ ಶುರುವಿಗೆ ಕೋಣೆಯಲ್ಲಿ ಯಾರಿದ್ದಾರೆ, ರೋಗಿಗೆ ಎಷ್ಟು ಗೊತ್ತು, ಇನ್ನೆಷ್ಟು ತಿಳಿಯಲು ಇಷ್ಟ ಎಂದು ಕೇಳುತ್ತಾರೆ. ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟ ಹಕ್ಕು; ಅದು ಮನೆಯವರೆದುರೂ ನಿಲ್ಲುವ ಹಕ್ಕು.

ಸಲಕರಣೆಯ ಮಟ್ಟಿಗೆ ಹೇಳುವುದು ಕಡಿಮೆ. ಇಯರ್‌ಫೋನ್, ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ, ಪೂರ್ತಿ ಚಾರ್ಜ್. ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಮೊಬೈಲ್ ಡೇಟಾ ಇಟ್ಟುಕೊಳ್ಳಿ. ನೆಟ್‌ವರ್ಕ್ ಹರಿದರೆ ವಿಡಿಯೋ ಬಿಟ್ಟು ಮಾಮೂಲಿ ಕರೆಗೆ ಬರುವುದಾಗಿ ಮೊದಲೇ ಮಾತಾಡಿಕೊಳ್ಳಿ. ನಾಲ್ಕು ತಾಸಿನ ಡಯಾಲಿಸಿಸ್ ಹೊತ್ತಿನಲ್ಲೇ ಭೇಟಿ ಮುಗಿಸೋಣ ಎಂದು ಅನ್ನಿಸುತ್ತದೆ; ಪಕ್ಕದ ಮಂಚಕ್ಕೆ ಎಲ್ಲ ಕೇಳುತ್ತದೆ, ಬಿಪಿ ಇಳಿದರೆ ಮಾತೂ ನಿಲ್ಲುತ್ತದೆ. ಡಯಾಲಿಸಿಸ್ ಇಲ್ಲದ ದಿನ ಬೆಳಗ್ಗೆ ಇಟ್ಟುಕೊಳ್ಳಿ. ಬಾಯಿ ಕ್ಯಾನ್ಸರ್ ಆಪರೇಷನ್ ಆದವರಿಗೆ (ಗುಟ್ಕಾ ನಮ್ಮ ಊರುಗಳಿಗೆ ಕೊಟ್ಟ ಬಳುವಳಿ) ಮಾತು ತೊದಲುತ್ತದೆ. ಬರೆದು ಮಾತಾಡುವ ಚಾಟ್ ಇರುವ ಸೇವೆ ಹುಡುಕಿ. ಸಿಸ್‌ಪ್ಲಾಟಿನ್ ಎಂಬ ಕಿಮೋ ಔಷಧ ಪಡೆದವರಲ್ಲಿ ಕೆಲವರ ಕಿವಿ ಮಂದವಾಗಿರುತ್ತದೆ, ಅವರಿಗೂ ಇದೇ ದಾರಿ. ಪಾರ್ಶ್ವವಾಯುವಿನಿಂದ ಮಾತೇ ಹೋದವರಿಗೆ ಫೋನ್ ಕೌನ್ಸೆಲಿಂಗ್ ಮಾರುವುದು ಶುದ್ಧ ಮೋಸ. ಅವರಿಗೆ ಎದುರು ಕೂತವರು, ವಾಕ್ ಚಿಕಿತ್ಸಕರು ಬೇಕು.

ಮೂರನೆಯದು ಆ್ಯಪ್‌ಗಳು. ಉಸಿರಾಟ ಕಲಿಸಲು ಸಾಕು, ಅದಕ್ಕಿಂತ ಹೆಚ್ಚಿಲ್ಲ. ಹಲವು ಇಂಗ್ಲಿಷಿನವು. "ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ" ಎಂದು ಗಂಟೆ ಬಾರಿಸುವ ಆ್ಯಪ್ ಡಯಾಲಿಸಿಸ್ ರೋಗಿಯ ಫೋನಿನಲ್ಲಿದ್ದರೆ ಅಳಿಸಿಹಾಕಿ. ಅವರಿಗೆ ನೀರು ಅಳೆದು ಕುಡಿಯುವ ವಸ್ತು. ಸಂಪರ್ಕ ಪಟ್ಟಿ, ಫೋಟೋ ನೋಡಲು ಅನುಮತಿ ಕೇಳಿದರೆ ಕೊಡಬೇಡಿ.

ನಮ್ಮ ಲೆಕ್ಕದಲ್ಲಿ ಕ್ರಮ ಹೀಗೆ: ಇವತ್ತು ರಾತ್ರಿಗೆ 14416. ಎರಡು ವಾರದಿಂದ ಮನಸ್ಸು ಮೇಲೇಳದಿದ್ದರೆ ಜಡ್ಡು ತಿಳಿದ, ನೋಂದಣಿ ಇರುವ ಒಬ್ಬರೇ ತಜ್ಞರ ಹತ್ತಿರ ಆರರಿಂದ ಎಂಟು ಭೇಟಿ. ನಾಲ್ಕನೆಯದರ ಹೊತ್ತಿಗೂ ನಿದ್ದೆಯಲ್ಲೋ ದಿನಚರಿಯಲ್ಲೋ ಏನೂ ಬದಲಾಗಿರದಿದ್ದರೆ ಆ ಮಾತನ್ನು ಅವರೆದುರೇ ಎತ್ತಿ, ಬೇಕಾದರೆ ಬದಲಿಸಿ. ದುಡ್ಡು ಹೊಂದದಿದ್ದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಒಮ್ಮೆ ಹೋಗಿ ತೋರಿಸಿ, ನಂತರದ್ದು ಫೋನಿನಲ್ಲಿ ನಡೆದೀತೇ ಎಂದು ಅಲ್ಲಿಯೇ ಕೇಳಿ.

ಸಾಯುವ ಮಾತು ಬಂದರೆ, ಕೀಟನಾಶಕದ ಡಬ್ಬಿಯನ್ನೂ ಗುಳಿಗೆ ಡಬ್ಬಿಯನ್ನೂ ಮೊದಲು ಕೈಗೆ ಸಿಗದ ಕಡೆ ಇಡಿ, ಒಬ್ಬರು ಜೊತೆಗಿರಿ, ಆಮೇಲೆ 14416 ಅಥವಾ 112. ವಯಸ್ಸಾದ ರೋಗಿ ಒಂದೆರಡು ದಿನದಲ್ಲಿ ಹಠಾತ್ತನೆ ಗುರುತು ಮರೆತು, ರಾತ್ರಿ ಏನೇನೋ ಮಾತಾಡತೊಡಗಿದರೆ ಅದು ಕೌನ್ಸೆಲಿಂಗ್ ಕೆಲಸವೇ ಅಲ್ಲ. ಸೋಂಕು, ಸೋಡಿಯಂ ಏರುಪೇರು, ಸಕ್ಕರೆ ಇಳಿದದ್ದು ಇವನ್ನು ನೋಡಬೇಕು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.