ಪಾಲಂ ವಾಯುಪಡೆ ಮ್ಯೂಸಿಯಂ: ವಿಮಾನ ನೋಡೋಕೆ ಹೋದೆ, ರಿಬ್ಬನ್ ನೋಡ್ತಾ ನಿಂತೆ

ನಾನು ಟೈಲರ್. ಜಾಲಹಳ್ಳಿಯಲ್ಲಿ ಮೂವತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಅಪ್ಪ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಪದಕಗಳು ಇವತ್ತಿಗೂ ನಮ್ಮನೆಯ ಒಂದು ಬಿಸ್ಕತ್ತು ಡಬ್ಬಿಯಲ್ಲಿವೆ. ಹಾಗಾಗಿ ದೆಹಲಿಯಲ್ಲಿರುವ ಅಕ್ಕನ ಮಗ "ಕುತುಬ್ ಮಿನಾರ್‌ಗೆ ಹೋಗೋಣ್ವಾ ಚಿಕ್ಕಮ್ಮ?" ಅಂದಾಗ, ಪಾಲಂಗೆ ಕರ್ಕೊಂಡು ಹೋಗು ಅಂದೆ.

ಮೊದಲು ಉಪಯೋಗಕ್ಕೆ ಬರುವ ಮಾತು. ಮ್ಯೂಸಿಯಂ ಇರುವುದು ಪಾಲಂ ವಿಮಾನ ನಿಲ್ದಾಣದ ಪಕ್ಕದಲ್ಲಿ. ಟಿಕೆಟ್ ಇಲ್ಲ. ಸೋಮವಾರ, ಮಂಗಳವಾರ ರಜೆ. ಉಳಿದ ದಿನ ಬೆಳಗ್ಗೆ 10ರಿಂದ ಸಂಜೆ 5. ಹೊರಡುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ. ಕ್ಯಾಬ್‌ನವನಿಗೆ ಮ್ಯೂಸಿಯಂ ಅಂತ ಒತ್ತಿ ಹೇಳಿ, ಇಲ್ಲದಿದ್ದರೆ ನಮ್ಮ ಹಾಗೆ ಟರ್ಮಿನಲ್ ಮುಂದೆ ಇಳಿಯುತ್ತೀರಿ.

ಹೆಚ್ಚಿನವರು ಮೊದಲ ಗ್ಯಾಲರಿಯನ್ನು ಐದು ನಿಮಿಷದಲ್ಲಿ ಮುಗಿಸಿ ಹ್ಯಾಂಗರ್ ಕಡೆ ಓಡುತ್ತಾರೆ. ಓಡಬೇಡಿ. ಫೋಟೊ, ಸಮವಸ್ತ್ರ, ಬ್ಯಾಡ್ಜು, ಪದಕ ಎಲ್ಲ ಇರುವುದು ಅಲ್ಲೇ. ನಾನು ಮುಕ್ಕಾಲು ಗಂಟೆ ನಿಂತೆ. "ವಿಮಾನ ಬಿಟ್ಟು ಬಟ್ಟೆ ತುಂಡು ನೋಡ್ತೀರಲ್ಲ!" ಅಂತ ಹುಡುಗ ರೇಗಿಸಿದ.

ಬಟ್ಟೆ ತುಂಡೇ ಕಣ್ರೀ, ಆದರೆ ಎಂಥ ಬಟ್ಟೆ! ವಾಯುಪಡೆಯ ಮುಖ್ಯಸ್ಥರಾಗಿದ್ದ ಅರ್ಜನ್ ಸಿಂಗ್ ಅವರ ಫೋಟೊದಲ್ಲಿ ಎದೆಯ ಮೇಲಿನ ರಿಬ್ಬನ್ ಸಾಲು ಗಮನಿಸಿ, ಒಂದೊಂದು ರಿಬ್ಬನ್ನೂ ಒಂದೊಂದು ಪದಕದ ಗುರುತು. ಅದರಲ್ಲಿ ಬಿಳಿ ಮತ್ತು ನೇರಳೆ ಓರೆ ಪಟ್ಟೆಯದೊಂದಿದೆ. ಅದು ಡಿಎಫ್‌ಸಿ, ಅಂದರೆ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್, ಬ್ರಿಟಿಷರ ಕಾಲದ ಶೌರ್ಯ ಪದಕ. 1944ರಲ್ಲಿ ಬರ್ಮಾ ಯುದ್ಧ ನಡೆಯುತ್ತಿದ್ದಾಗಲೇ ಮೌಂಟ್‌ಬ್ಯಾಟನ್ ಬಂದು ಅವರಿಗೆ ತೊಡಿಸಿದ್ದು. 1918ರಲ್ಲಿ ಈ ಪದಕ ಶುರುವಾದಾಗ ಪಟ್ಟೆಗಳು ಅಡ್ಡಡ್ಡ ಇದ್ದವು, ಮರುವರ್ಷ ಓರೆ ಮಾಡಿದರು. ನಮ್ಮ ವಾಯು ಸೇನಾ ಪದಕದ್ದೂ ಓರೆ ಪಟ್ಟೆಯೇ, ಬೂದು ಮತ್ತು ಕೇಸರಿ. ಓರೆ ಅಂದರೆ ಸುಮ್ನೆ ಅಲ್ಲ. ಇದು ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಕ್ರಾಸ್ ಪೀಸ್ ಅಲ್ಲ, ಮಗ್ಗದಲ್ಲೇ ಓರೆಯಾಗಿ ಬರಬೇಕು. ಒಮ್ಮೆ ಆನ್‌ಲೈನ್‌ನಲ್ಲಿ ಯಾರೋ ಮಾರುತ್ತಿದ್ದ ನಕಲು ವಾಯು ಸೇನಾ ಪದಕ ತರಿಸಿದ್ದೆ. ಪಟ್ಟೆ ನೆಟ್ಟಗೆ ಉದ್ದಕ್ಕೆ ಬಂದಿತ್ತು! ದುಡ್ಡು ವಾಪಸ್ ಬರಲೇ ಇಲ್ಲ.

ಬ್ಯಾಡ್ಜುಗಳಲ್ಲಿ ಹುಡುಕಬೇಕಾದದ್ದು ಕಿರೀಟ. ಹಳೆಯದರಲ್ಲಿ ಮೇಲೆ ಬ್ರಿಟಿಷ್ ಕಿರೀಟ ಇರುತ್ತದೆ, 1950ರ ನಂತರದ್ದರಲ್ಲಿ ಆ ಜಾಗದಲ್ಲಿ ಅಶೋಕನ ಸಿಂಹಗಳು. ಪೈಲಟ್‌ಗೆ ಎರಡೂ ರೆಕ್ಕೆ, ನ್ಯಾವಿಗೇಟರ್‌ಗೆ ಒಂದೇ ರೆಕ್ಕೆ. ಇದು ಗೊತ್ತಿದ್ದರೆ ಹಳೇ ಫೋಟೊ ನೋಡುವ ಮಜಾನೇ ಬೇರೆ. ಯಾರು ಏನಾಗಿದ್ದರು, ಸುಮಾರು ಯಾವ ಕಾಲ ಅಂತ ಎದೆ ನೋಡಿಯೇ ಹೇಳಬಹುದು. ನಮ್ಮಪ್ಪನಂಥವರಿಗೆ ರೆಕ್ಕೆ ಇರಲಿಲ್ಲ, ತೋಳಿನ ಮೇಲೆ ಪಟ್ಟಿ ಅಷ್ಟೇ.

ಹ್ಯಾಂಗರ್‌ನಲ್ಲಿ ವಾಪಿಟಿ ಅನ್ನೋ ಹಳೇ ವಿಮಾನ ಇದೆ. 1933ರಲ್ಲಿ ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಮ್ಮ ಮೊದಲ ಸ್ಕ್ವಾಡ್ರನ್ ಶುರುವಾದದ್ದು ಇಂಥ ನಾಲ್ಕರಿಂದ. ಜಪಾನಿನ ಆತ್ಮಾಹುತಿ ವಿಮಾನ ಓಹ್ಕಾ ಕೂಡ ಇದೆ, ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. 1971ರಲ್ಲಿ ಕ್ಷಿಪಣಿಯ ಏಟು ತಿಂದೂ ವಾಪಸ್ ಬಂದ ಸುಖೋಯ್-7ರ ಹರಿದ ಬಾಲವನ್ನಂತೂ ತಪ್ಪಿಸಬೇಡಿ.

ಹ್ಯಾಂಗರ್‌ನಲ್ಲಿ ನಾನು ಜಾಸ್ತಿ ಹೊತ್ತು ನಿಂತದ್ದು ಮಿಸ್ಟೇರ್ ಅನ್ನೋ ಯುದ್ಧ ವಿಮಾನದ ಮುಂದೆ. ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯ ಹಾರಿಸಿದ್ದು ಇದೇ ಜಾತಿಯ ವಿಮಾನ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿ. ಇವರದು ಸ್ಟ್ಯಾಂಡ್‌ಬೈ ವಿಮಾನ, ಬೇರೆಯದು ಕೈಕೊಟ್ಟರೆ ಮಾತ್ರ ಹೋಗುವಂಥದ್ದು. ಆದರೂ ಹೋದರು. ತಮ್ಮದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಯುದ್ಧ ವಿಮಾನ ಸ್ಟಾರ್‌ಫೈಟರ್ ಎದುರಾಯಿತು. ಅದನ್ನು ಹೊಡೆದುರುಳಿಸಿದರು, ತಾವು ಬರಲಿಲ್ಲ. ಇಲ್ಲಿ ಅದು ಎಷ್ಟೋ ವರ್ಷ ಯಾರಿಗೂ ಸರಿಯಾಗಿ ತಿಳಿಯಲೇ ಇಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅವರ ಪತ್ನಿಯ ಕೈಗೆ. ಅರ್ಧ ಬಿಳಿ, ಅರ್ಧ ಕೇಸರಿ ರಿಬ್ಬನ್. ಆ ರಿಬ್ಬನ್ ಬರೋದಕ್ಕೆ ಇಪ್ಪತ್ತಮೂರು ವರ್ಷ ಬೇಕಾಯಿತು. ಇದನ್ನು ಹೇಳುವಾಗ ಅಕ್ಕನ ಮಗ ಫೋನ್ ಕೆಳಗಿಟ್ಟ.

ಹೊರಗೆ ದೊಡ್ಡ ವಿಮಾನಗಳಿವೆ. ಟೋಪಿ, ನೀರು ಇಟ್ಟುಕೊಂಡು ಹೋಗಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕಳೆದ ಅರ್ಧ ದೆಹಲಿ ಬಿಸಿಲಿನ ಪಾಲು.

ಹೊರಡುವಾಗ ಸಿಕ್ಕ ಒಬ್ಬ ನಿವೃತ್ತ ಏರ್‌ಮನ್‌ಗೆ ಅಪ್ಪನ ಡಬ್ಬಿಯ ಕಥೆ ಹೇಳಿದೆ. "ಪದಕದ ಮುಖ ನೋಡಿದ್ದು ಸಾಕು, ಅಂಚು ನೋಡಿ ಅಮ್ಮ" ಅಂದರು. ಊರಿಗೆ ಬಂದು, 1971ರ ಯುದ್ಧದ ಸೇವೆಗೆ ಅಪ್ಪನಿಗೆ ಸಿಕ್ಕ ಸಂಗ್ರಾಮ್ ಪದಕ ತೆಗೆದೆ. ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ತಿರುಗಿಸಿದೆ. ಸಣ್ಣ ಅಕ್ಷರದಲ್ಲಿ ಅಪ್ಪನ ನಂಬರ್, ಹೆಸರು, ಜೊತೆಗೆ ಕಾರ್ಪೊರಲ್ ಅಂತ ಕೊರೆದಿದೆ. ನಮ್ಮ ಬೀದಿಗೆಲ್ಲ ಅವರು ಸಾರ್ಜೆಂಟ್ ಅಂಕಲ್. ಆ ಹೆಸರು ಬರುವ ಮುಂಚಿನ ಅಪ್ಪನ ಬಗ್ಗೆ ನಾನು ಒಂದು ದಿನವೂ ಕೇಳಿರಲಿಲ್ಲ.