ಅತ್ತಿಗೆಯ ಪಿಂಚಣಿ ಅರ್ಜಿ ಮತ್ತು ಮೈಸೂರಿನ ಸೈನಿಕ ಕಲ್ಯಾಣ ಕಚೇರಿ
ಸೇನೆಯಲ್ಲಿದ್ದಾಗ ಹತ್ತಿದ ಶ್ವಾಸಕೋಶದ ಕಾಯಿಲೆಯಿಂದಲೇ ನಿವೃತ್ತಿಯ ಮರುವರ್ಷ ತೀರಿಕೊಂಡ ನಮ್ಮಣ್ಣನ ವಿಶೇಷ ಕುಟುಂಬ ಪಿಂಚಣಿಗಾಗಿ ಅತ್ತಿಗೆಯವರನ್ನು ಮೈಸೂರಿನ ಸೈನಿಕ ಕಲ್ಯಾಣ ಕಚೇರಿಗೆ ಕರೆದೊಯ್ದಿದ್ದೆ. ಸಾವಿಗೆ ಸೇವೆಯೇ ಕಾರಣ, ಇಲ್ಲವೇ ಸೇವೆಯಿಂದ ಕಾಯಿಲೆ ಉಲ್ಬಣಿಸಿತು ಎಂದು ಒಪ್ಪಿಗೆಯಾದರೆ ಕೊನೆಯ ವೇತನದ ಶೇ 60ರಷ್ಟು, ಇಲ್ಲವಾದರೆ ಸಾಮಾನ್ಯ ಕುಟುಂಬ ಪಿಂಚಣಿಯಾಗಿ ಶೇ 30ರಷ್ಟು ಮಾತ್ರ ಸಿಗುತ್ತದೆ ಎಂಬುದನ್ನು ಅಲ್ಲಿನ ಸಿಬ್ಬಂದಿ ಅವಸರವಿಲ್ಲದೆ ಬಿಡಿಸಿ ಹೇಳಿದರು. ಸೇನೆಯಿಂದ ಬಿಡುಗಡೆಯಾಗುವಾಗ ಅಣ್ಣನಿಗೆ ಕೊಟ್ಟಿದ್ದ ಡಿಸ್ಚಾರ್ಜ್ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುವಿ, ಅತ್ತಿಗೆಯ ಇನಿಷಿಯಲ್ ಅಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇರುವುದನ್ನು ಬೆರಳಿಟ್ಟು ತೋರಿಸಿದರು. ಇದೇ ಅರ್ಜಿಯನ್ನು ಬೇರೊಂದು ಸೇವಾ ಕೇಂದ್ರದವರು ಕಾರಣವನ್ನೂ ಹೇಳದೆ ಎರಡು ಬಾರಿ ಹಿಂದಿರುಗಿಸಿದ್ದರು. ಗಂಡನನ್ನು ಕಳೆದುಕೊಂಡವರನ್ನು ಹಾಗೆ ಅಲೆಸುವುದು ಸರಿಯಲ್ಲ. ‘ವೈದ್ಯಕೀಯ ಮಂಡಳಿಯ ವರದಿಯ ಮೂಲಪ್ರತಿ ಯಾರಿಗೂ ಕೊಡಬೇಡಿ ತಾಯಿ’ ಎಂದ ಮೈಸೂರಿನ ಕಚೇರಿಯ ಹಿರಿಯರ ಮಾತನ್ನು ಅತ್ತಿಗೆ ಇಂದಿಗೂ ನೆನೆಯುತ್ತಾರೆ. ಹೋಗುವವರು ಮರಣ ಪ್ರಮಾಣಪತ್ರದೊಂದಿಗೆ ಆಸ್ಪತ್ರೆಯ ಹಳೆಯ ಚೀಟಿಗಳನ್ನೂ ತಪ್ಪದೇ ಒಯ್ಯಿರಿ.